ಖೈಮಾವನ್ನು ಮೂರನೇ ಸಲ ಕಲ್ಲು ಮಾಡಿದ ಫ್ರಿಜ್ ಮಹಾಶಯರಿಗೆ

ಮಾನ್ಯರೇ,

ಕೂಡ್ಲಿಗಿಯ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಹನ್ನೊಂದು ವರ್ಷಗಳಿಂದ ಒಮ್ಮೆಯೂ ಕೂರದೆ ಸೇವೆ ಸಲ್ಲಿಸುತ್ತಿರುವ ತಮಗೆ ನಿವೃತ್ತ ಮಾಸ್ತರ ಪಾಲಾಕ್ಷನ ಅನಂತ ನಮಸ್ಕಾರಗಳು. ತಮ್ಮ ಹೊಟ್ಟೆ ಎಂದಿನಂತೆ ತಣ್ಣಗಿದೆಯೆಂದು ನಂಬಿದ್ದೇನೆ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿರುವುದರಿಂದ ಈ ದೂರನ್ನು ಎಲ್ಲರಿಗೂ ಕಾಣುವಂತೆ ತಮ್ಮ ಬಾಗಿಲಿಗೇ ಅಂಟಿಸುತ್ತಿದ್ದೇನೆ.

ಏಳು ತಿಂಗಳ ಬಸುರಿ ಮಗಳು ದುರ್ಗಾದೇವಿ ಹಗರಿಬೊಮ್ಮನಹಳ್ಳಿಯಿಂದ ಫೋನು ಮಾಡಿ, ತವರಿಗೆ ಬಂದಾಗ ಖೈಮಾ ಉಂಡೆ ತಿನ್ನಬೇಕೆಂದಳು. ಅವಳು ಬರಲು ಇನ್ನೂ ಒಂದು ವಾರವಿದ್ದರೂ ನಾನು ಅಂದೇ ಜಿಲಾನಿಯ ಅಂಗಡಿಗೆ ಓಡಿ, ಕಣ್ಣೆದುರೇ ಕೊಚ್ಚಿಸಿದ ಒಂದು ಕಿಲೋ ಕುರಿ ಖೈಮಾವನ್ನು ತಂದು ತಮ್ಮ ಫ್ರೀಜರಿಗೆ ಒಪ್ಪಿಸಿದೆ. ಮಗಳು ಬಂದ ಭಾನುವಾರ ಸಂಜೆ, ನಿಧಾನಕ್ಕೆ ಕರಗಲೆಂದು ಪೊಟ್ಟಣವನ್ನು ತಮ್ಮ ಕೆಳಗಿನ ಖಾನೆಗೆ ಇಳಿಸಿದೆ.

ನಿವೃತ್ತನಿಗೆ ವಾರಗಳು ನೆನಪಿರುವುದಿಲ್ಲ. ಮರುದಿನ ಬೆಳಿಗ್ಗೆ ನಮ್ಮವ್ವ ಗಾದೆಮ್ಮ, "ಲೇ ಪಾಲಾಕ್ಷ, ಸೋಮವಾರ ಕೊಟ್ಟೂರಯ್ಯನ ವಾರ ಅನ್ನೋದು ಮರತ್ಯೇನು?" ಎಂದಳು. ದೇವರ ವಾರದಂದು ನಮ್ಮ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ; ಖೈಮಾ ಮತ್ತೆ ಫ್ರೀಜರಿಗೆ ಹೋಯಿತು. ಇದರಲ್ಲಿ ತಮ್ಮ ತಪ್ಪೇನೂ ಇಲ್ಲ. ಫ್ರಿಜ್ಜಿನ ತಂಪಿನಲ್ಲೇ ಕರಗಿದ್ದನ್ನು ತಿರುಗಿ ಗಟ್ಟಿ ಮಾಡಬಹುದು, ರುಚಿ ತುಸು ಕಡಿಮೆಯಾದೀತು ಅಷ್ಟೆ ಎಂದು ಅಂದೇ ಮಗಳ ತಪಾಸಣೆಗೆ ಹೋದಾಗ ನರ್ಸ್ ಆಸೀಮ ಹೇಳಿದ್ದರು. "ಹೊರಗ ಇಟ್ರ ಎರಡ ತಾಸು ಅಷ್ಟ ನೋಡ್ರಿ, ನಮ್ಮ ಬಿಸಿಲಿಗೆ ಒಂದ ತಾಸು" ಎಂದೂ ಎಚ್ಚರಿಸಿದ್ದರು.

ಮಂಗಳವಾರ ನನಗೆ ಅವಸರ. ಬೆಳಿಗ್ಗೆ ಎಂಟಕ್ಕೇ ಪೊಟ್ಟಣವನ್ನು ತೆಗೆದು ಅಡುಗೆಕಟ್ಟೆಯ ಮೇಲಿಟ್ಟೆ. ಹನ್ನೆರಡಕ್ಕೆ ಅವ್ವ ಕ್ಯಾಲೆಂಡರ್ ನೋಡಿ, "ಉಣ್ಣೋ ಹೊತ್ತಿಗೆ ಅಮಾಸಿ ಹಿಡೀತೈತಿ" ಎಂದಳು. ಅಷ್ಟರಲ್ಲಿ ಖೈಮಾ ನೀರು ಬಿಟ್ಟು ಮೆತ್ತಗಾಗಿತ್ತು. ಯಾರಿಗೂ ಹೇಳದೆ ಅದನ್ನು ತಮ್ಮೊಳಗೆ ತುರುಕಿದೆ.

ಆಗ ತಾವು ತೋರಿದ ಔದಾರ್ಯವನ್ನು ಹೇಗೆ ಹೊಗಳಲಿ! ನಾಲ್ಕು ತಾಸು ಸೆಕೆಯಲ್ಲಿ ಬೆವರಿದ ಪೊಟ್ಟಣವನ್ನು ಒಂದು ಮಾತೂ ಕೇಳದೆ ಒಳಗೆ ಕರೆದು, ಕಲ್ಲಿನಂತೆ ಗಟ್ಟಿ ಮಾಡಿ, ಅಮಾವಾಸ್ಯೆ ಕಳೆದ ಗುರುವಾರ ಈಗಷ್ಟೇ ಅಂಗಡಿಯಿಂದ ಬಂದಂತೆ ಹೊರಗೆ ಕಳಿಸಿದಿರಿ. ವಾಸನೆಯಿಲ್ಲ, ಬಣ್ಣ ಕೆಟ್ಟಿಲ್ಲ. ತಪ್ಪು ಮುಚ್ಚಿಹಾಕುವುದರಲ್ಲಿ ಇಷ್ಟು ನಿಷ್ಠಾವಂತ ನೌಕರರನ್ನು ನನ್ನ ಮೂವತ್ತೆರಡು ವರ್ಷದ ಸರ್ಕಾರಿ ಸೇವೆಯಲ್ಲಿಯೂ ಕಂಡಿರಲಿಲ್ಲ.

ಚೆನ್ನಾಗಿ ಬೇಯಿಸಿದರೆ ಸರಿಹೋದೀತೆಂದು ನಾನೂ ಸುಮ್ಮನಿದ್ದೆ. ಕೆಟ್ಟ ಮಾಂಸದ ವಿಷ ಎಷ್ಟೋ ಸಲ ಕುದಿಗೂ ಜಗ್ಗುವುದಿಲ್ಲವೆಂದು ಆಸೀಮ ಹೇಳಿದ್ದು ನೆನಪಿತ್ತು, ಆದರೂ ಸುಮ್ಮನಿದ್ದೆ. ಮಗಳು ಹುರಿಗಡಲೆ ಪುಡಿ ಕಲಸಿ, ಎಣ್ಣೆ ಕಾಯಲಿಟ್ಟು, ಮೊದಲ ಉಂಡೆ ಕಟ್ಟುತ್ತಾ ಇನ್ನೊಂದು ಕೈಯಿಂದ ಹೊಟ್ಟೆ ಸವರಿಕೊಂಡಾಗ ಅವಳ ಕೈ ಹಿಡಿದು ತಡೆದೆ. ಎಲ್ಲವನ್ನೂ ಒಪ್ಪಿಕೊಂಡೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂದು ಕಿಲೋ ಖೈಮಾ ಹಿತ್ತಲಿನ ಮಣ್ಣು ಸೇರಿತು. ಅವ್ವ ಮಾತ್ರ ಬೈಯಲಿಲ್ಲ. "ವಾರ, ಅಮಾಸಿ ನಾನ್ ನೋಡ್ಕೊಂತೀನಿ. ಇವತ್ತ ತಂದು ಇವತ್ತ ಮಾಡ್ರಿ" ಎಂದಳು.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಇನ್ನು ಮುಂದೆ ಯಾವ ಪೊಟ್ಟಣ ಬಂದರೂ ಹೊರಗೆ ಎಷ್ಟು ಹೊತ್ತು ಇತ್ತೆಂದು ವಿಚಾರಿಸಿಯೇ ಒಳಗೆ ಬಿಡಬೇಕು, ಲೆಕ್ಕ ತಪ್ಪಿದ್ದರೆ ಬಾಗಿಲು ತೆರೆಯಬಾರದು, ಪಂಚಾಂಗವನ್ನು ಬಾಯಿಪಾಠ ಮಾಡಿ ನಾಳೆ ಯಾವ ವಾರವೆಂದು ಹಿಂದಿನ ಸಂಜೆಯೇ ಕೂಗಿ ಹೇಳಬೇಕು. ಇಷ್ಟೂ ಆಗದಿದ್ದರೆ, ಮೋಟರು ಶುರುವಾಗುವಾಗ ಕೆಮ್ಮುತ್ತೀರಲ್ಲ, ಕಡೇಪಕ್ಷ ಹಾಗೊಮ್ಮೆ ಕೆಮ್ಮಿ ನನ್ನನ್ನು ಎಚ್ಚರಿಸಬೇಕು.

ತಮ್ಮ ತಂಪನ್ನೇ ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ಪಾಲಾಕ್ಷ

ತಾ.ಕ.: ಇದನ್ನು ಅಂಟಿಸಿ ಅರ್ಧ ತಾಸಾಗಿಲ್ಲ, ಹೊಸ ಖೈಮಾದ ಆರನೇ ಉಂಡೆ ತಿನ್ನುತ್ತಲೇ ಮಗಳು ಕೆಳಗೊಂದು ಸಾಲು ಗೀಚಿದ್ದಾಳೆ: "ಅಪ್ಪಾ, ಫ್ರಿಜ್ಜಿಗೆ ಬಾಯಿಲ್ಲ. ನಿನಗ ಐತಲ್ಲ, ಎರಡು ದಿನ ಯಾಕ ಸುಮ್ನಿದ್ದಿ?" ಇದಕ್ಕೆ ಉತ್ತರ ತಮ್ಮಲ್ಲಿದ್ದರೆ ದಯವಿಟ್ಟು ಬೇಗ ತಿಳಿಸುವುದು, ಅವಳು ಕಾಯುತ್ತಾ ಎದುರಿಗೇ ನಿಂತಿದ್ದಾಳೆ.