ದುಃಖದ ಧ್ವನಿ ಸ್ಪಷ್ಟವಾಗಿ ಕೇಳಿಸುತ್ತಿರುವ ಬಗ್ಗೆ

ಸಂಖ್ಯೆ: ಧ್ವನಿ/ಶೋಕ/ಸ್ಪೀಕರ್-2/2024-25
ವ್ಯಾಪ್ತಿ: ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳು

ಸುತ್ತೋಲೆ

ವಿಷಯ: ವಿಧವೆಯರು ಮನೆಯ ಡಿಜಿಟಲ್ ಸಂಗೀತ ವ್ಯವಸ್ಥೆಯ ಗುಣಮಟ್ಟ ಹೆಚ್ಚಿಸಿಕೊಳ್ಳುವುದನ್ನು ಮಿತಿಗೊಳಿಸುವ ಕುರಿತು.

ಉಲ್ಲೇಖ: 1. ರನ್ನ ಬೆಳಗಲಿಯ ಧರ್ಮರಾಜ ಅವರ ದೂರು.
2. ಅವರ ತಮ್ಮನ ಹೆಂಡತಿ ಸುವರ್ಣಾ ಅವರ ಹೇಳಿಕೆ.

ಪ್ರಸ್ತಾವನೆ:

ಬೀರೇಶ್ವರನ ಡೊಳ್ಳಿನ ಪದ ಹಾಡುತ್ತಿದ್ದ ಮಾಳು ತೀರಿಕೊಂಡು ಏಳು ತಿಂಗಳಾಗಿವೆ. ಮೊದಲ ಐದು ತಿಂಗಳು ಅವರ ಪತ್ನಿ ಸುವರ್ಣಾ, ಗಂಡ ಹಾಡಿದ ಪದವೊಂದನ್ನು ಒಡೆದ ಮೊಬೈಲಿನಲ್ಲಿ ಕೇಳುತ್ತಿದ್ದರು. ಮೊಬೈಲು ಗೊರಗೊರ ಎನ್ನುತ್ತಿದ್ದ ಕಾರಣ ಊರು ಅದನ್ನು ದುಃಖವೆಂದು ಒಪ್ಪಿಕೊಂಡಿತ್ತು. ನಂತರ ಸದರಿಯವರು ಮುಧೋಳದಲ್ಲಿ ಧ್ವನಿಮುದ್ರಣ ಮಾಡಿದವರಿಂದ ಮೂಲ ಫೈಲ್ ತರಿಸಿ, ಬ್ಲೂಟೂತ್ ಬಿಟ್ಟು ವೈರ್ ಜೋಡಿಸಿ, ಆಂಪ್ಲಿಫೈಯರ್ ಹಾಗೂ ಎರಡು ಸ್ಪೀಕರ್ ಇಟ್ಟು, ಮಾರ್ದನಿ ತಡೆಯಲು ಗೋಡೆಗೆ ಕೌದಿ ತೂಗುಹಾಕಿದ್ದಾರೆ. ಪದ ಈಗ ಸ್ಪಷ್ಟವಾಗಿ ಕೇಳಿಸುತ್ತಿದೆ. ಸ್ಪಷ್ಟವಾಗಿ ಕೇಳಿಸುವುದೆಲ್ಲವೂ ಮನರಂಜನೆ ಎಂದು ಪರಿಗಣಿಸಲಾಗಿದೆ.

ದೂರುದಾರರ ಮಾತು: "ಡಬ್ಬಿ ಸಪ್ಪಳ ಇದ್ದಾಗ ನಾವೇನರ ಅಂದೇವೇನ್ರಿ? ಈಗ ಪೂರಾ ಛಲೋ ಕೇಳಾಕತ್ತೈತಿ. ಮಂದಿ ಏನ ಅಂದಾರು?"

ಸುವರ್ಣಾ ಅವರ ಮಾತು: "ಹಾಡ ಕೇಳಾಕ ಹಚ್ಚಂಗಿಲ್ರಿ. ಪದಾ ಸುರು ಮಾಡೂಕಿಂತ ಮೊದಲ ಅವ್ರು ಒಂದ ಉಸರ ತಗೋತಾರ್ರಿ. ಮೊಬೈಲ್‌ನ್ಯಾಗ ಅದು ಕೇಳ್ತಿದ್ದಿಲ್ರಿ."

ಎರಡನ್ನೂ ಪರಿಶೀಲಿಸಿ, ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಗಂಡ ತೀರಿದ ವರ್ಷ ಮುಗಿಯುವವರೆಗೆ ಒಂದೇ ಸ್ಪೀಕರ್ ಬಳಸತಕ್ಕದ್ದು. ಎರಡು ಕಿವಿಗೂ ಬೇರೆ ಬೇರೆ ಧ್ವನಿ ತಲುಪಿಸುವ ಸ್ಟೀರಿಯೊ ಸೌಲಭ್ಯ ಗಂಡ ಇದ್ದವರಿಗೆ ಮಾತ್ರ.

2. ಧ್ವನಿಯ ಗುಣಮಟ್ಟ 64 ಕೆಬಿಪಿಎಸ್ (ಅಂದರೆ ಹಳೆ ಮೊಬೈಲಿನ ಮಟ್ಟ) ಮೀರತಕ್ಕದ್ದಲ್ಲ. ಮೀರಿದಲ್ಲಿ, ಕೇಳುವವರು ಅಳುತ್ತಿದ್ದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗುವುದಿಲ್ಲ.

3. ಕೌದಿ ಇರುವುದು ಹೊದೆಯಲು. ಗೋಡೆಗೆ ಚಳಿಯಾಗುತ್ತಿದೆ ಎಂಬ ದೃಢೀಕರಣ ಪತ್ರ ಹಾಜರುಪಡಿಸಿದಲ್ಲಿ ವಿನಾಯಿತಿ ಇದೆ.

4. ಹೆಂಡತಿ ತೀರಿಕೊಂಡ ಗಂಡಸರಿಗೆ ಈ ಸುತ್ತೋಲೆ ಅನ್ವಯಿಸುವುದಿಲ್ಲ. ಅವರು ತಮ್ಮ ಮರುಮದುವೆಯ ಮೆರವಣಿಗೆಯಲ್ಲಿ ಡಿಜೆ ಬಾಕ್ಸುಗಳನ್ನು ಎಂಟಕ್ಕೆ ಮಿತಿಗೊಳಿಸಲು, ಅನುಕೂಲವಿದ್ದಲ್ಲಿ, ವಿನಂತಿಸಲಾಗಿದೆ.

5. ಪರಿವೀಕ್ಷಕ ಹೊಳೆಪ್ಪ ಅವರು ಸ್ಥಳಕ್ಕೆ ಹೋಗಿ ಪದವನ್ನು ಮೂರು ಬಾರಿ ಕೇಳಿರುತ್ತಾರೆ (ಎರಡು ಮತ್ತು ಮೂರನೆಯದು ಸ್ವಂತ ಆಸಕ್ತಿಯಿಂದ). ಮುಖ್ಯ ಗಾಯಕರ ಧ್ವನಿಯಲ್ಲಿ ದೋಷವಿಲ್ಲ. ಹಿಮ್ಮೇಳದ ಒಂದು ದನಿ ಮಾತ್ರ ಮೊದಲಿನಿಂದ ಕೊನೆಯವರೆಗೆ ಶ್ರುತಿ ತಪ್ಪಿದ್ದು, ತಾಳಕ್ಕಿಂತ ಅರ್ಧ ಹೆಜ್ಜೆ ಹಿಂದಿದೆ. ಒಡೆದ ಮೊಬೈಲಿನಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ. ಸದರಿ ದನಿ ದೂರುದಾರರದು. ಇದಕ್ಕೂ ದೂರಿಗೂ ಸಂಬಂಧವಿಲ್ಲವೆಂದು ಅವರು, ಯಾರೂ ಕೇಳದಿದ್ದರೂ, ತಿಳಿಸಿರುತ್ತಾರೆ.

6. ಹಿಮ್ಮೇಳವನ್ನು ಅಳಿಸಬಹುದೇ ಎಂದು ವಿಚಾರಿಸಲಾಗಿ, ಸುವರ್ಣಾ ಅವರು, "ಭಾವಾರ ದನಿ ತಗದ್ರ ಅವ್ರದೂ ಹೋಗತೈತ್ರಿ. ಇರ್ಲಿ ಬಿಡ್ರಿ. ಅದನ್ನ ಬೆನ್ನಿಗೆ ಕಟಗೊಂಡ ಹತ್ತ ವರ್ಷ ಹಾಡ್ಯಾರ ಅವ್ರು" ಎಂದಿರುತ್ತಾರೆ. ದೂರುದಾರರು ಈ ವೇಳೆ ನೀರು ಕುಡಿಯಲು ಹೊರಗೆ ಹೋಗಿದ್ದರು.

7. ಉಸಿರು ಪದದ ಭಾಗವಲ್ಲವಾದ್ದರಿಂದ ಅದು ಮನರಂಜನೆಯಾಗುವುದಿಲ್ಲ. ಆದಕಾರಣ ಮೊದಲ ಎರಡು ಸೆಕೆಂಡನ್ನು ಉತ್ತಮ ಗುಣಮಟ್ಟದಲ್ಲಿ ಕೇಳಲು ಅನುಮತಿಸಲಾಗಿದೆ. ಮೃತರು ಹಾಡಲು ಬಾಯಿ ತೆರೆದ ಕೂಡಲೇ ಮೊಬೈಲಿಗೆ ಬದಲಾಯಿಸಿಕೊಳ್ಳತಕ್ಕದ್ದು.

ತಪ್ಪಿದಲ್ಲಿ ಸ್ಪೀಕರುಗಳನ್ನು ವಶಕ್ಕೆ ಪಡೆಯಲಾಗುವುದು.

ಸಹಿ/-
ಚನಮಲ್ಲಪ್ಪ
ಅಧೀಕ್ಷಕರು (ಶೋಕ ಮತ್ತು ಶ್ರವಣ)

ಪ್ರತಿಗಳು:
1. ಧರ್ಮರಾಜ ಅವರಿಗೆ, ಮಾಹಿತಿಗಾಗಿ. ಓದಿಕೊಳ್ಳುವುದು, ಹಾಡಬಾರದು.
2. ಪರಿವೀಕ್ಷಕ ಹೊಳೆಪ್ಪ ಅವರಿಗೆ. ನಾಲ್ಕನೇ ಪರಿಶೀಲನೆಯ ಕೋರಿಕೆಯನ್ನು ತಿರಸ್ಕರಿಸಲಾಗಿದೆ.
3. ಸುವರ್ಣಾ ಅವರಿಗೆ. ಈ ಹಿಂದೆ ಕಳಿಸಿದ ಎರಡು ನೋಟಿಸುಗಳನ್ನು ಮಡಚಿ ಸ್ಪೀಕರುಗಳ ಅಡಿ ಇಟ್ಟಿದ್ದು, ಅವು ಕೂತ ಮರದ ಹಲಗೆಯ ಗದಗದ ಅಲುಗಾಟ ನಿಂತು ಉಸಿರು ಮತ್ತಷ್ಟು ಸ್ಪಷ್ಟವಾಗಿದೆ ಎಂದು ವರದಿಯಾಗಿದೆ. ಆದ್ದರಿಂದ ಈ ಪ್ರತಿಯನ್ನು ತೆಳುವಾದ ಕಾಗದದಲ್ಲಿ ಕಳಿಸಲಾಗಿದೆ.