ಕೋಡಿ ಹಳ್ಳದಲ್ಲಿ ಕೊಪ್ಪರಿಗೆ

ಪಿಳ್ಳಣ್ಣ ಮೇಷ್ಟ್ರ ವರ್ಗಾವಣೆಯ ಅರ್ಜಿ ನಾಲ್ಕು ಪುಟಗಳಷ್ಟಿತ್ತು. ಬಿ.ಎಸ್ಸಿ. ಓದಿದವರಾದ್ದರಿಂದ ಅವರು ಸುಮ್ಮನೆ ಗೋಳು ತೋಡಿಕೊಂಡಿರಲಿಲ್ಲ. ಮೂರು ವರ್ಷದ ಮಳೆಯ ಪ್ರಮಾಣ ಸೇರಿಸಿ, ಕೋಡಿಯ ಅಗಲ, ಹಳ್ಳದ ಇಳಿಜಾರು, ಬಂಡೆಗಳ ಸಂದು ಎಲ್ಲವನ್ನೂ ಬೇಸಿಗೆಯಲ್ಲಿ ಟೇಪು ಹಿಡಿದು ಅಳೆದು, ನಕ್ಷೆ ಬರೆದು, ಕೊನೆಗೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ತೀರ್ಮಾನ ಕೊಟ್ಟಿದ್ದರು: 'ಆದ್ದರಿಂದ, ಕೆರೆ ಕೋಡಿ ಬಿದ್ದಾಗ ಮೇಲಿನಹಳ್ಳಿಯಿಂದ ಯಾವ ಮನುಷ್ಯನೂ ಹೊರಗೆ ಬರುವುದು ಅಸಾಧ್ಯ. ದಯಮಾಡಿ ನನ್ನನ್ನು ಹೊಸಕೋಟೆಗೆ ವರ್ಗಾಯಿಸಬೇಕು.'

ಅರ್ಜಿಯಲ್ಲಿ ಬರೆಯದ ಕಾರಣದ ಹೆಸರು ಭಾಗ್ಯಮ್ಮ. ಮೇಷ್ಟ್ರ ಹೆಂಡತಿ ಹೊಸಕೋಟೆಯಲ್ಲಿ ಹೊಲಿಗೆ ಟೀಚರು. ಮದುವೆಯಾಗಿ ಎರಡು ವರ್ಷವಾಗಿದ್ದರೂ ಗಂಡಹೆಂಡಿರಿಗೆ ಸಿಕ್ಕಿದ್ದು ಬರೀ ಭಾನುವಾರಗಳು. ಅದರಲ್ಲೂ ಅರ್ಧ ಬಸ್ಸಿನ ಪಾಲು.

ಎಪ್ಪತ್ತೈದನೆಯ ಇಸವಿಯ ಮಳೆಗಾಲದಲ್ಲಿ ಉತ್ತರ ಬಂತು. ಶುಕ್ರವಾರ ಹನ್ನೆರಡು ಗಂಟೆಗೆ ಶಾಲಾ ಇನ್‌ಸ್ಪೆಕ್ಟರ್ ವೆಂಕಟರಾಯಪ್ಪನವರು ಅದೇ ಹಳ್ಳದ ದಡದ ಕೆಳಗಿನಹಳ್ಳಿಯ ಶಾಲೆಗೆ ಬರುತ್ತಾರೆ, ಅರ್ಜಿಯ ತೀರ್ಮಾನ ಅಲ್ಲೇ ಆಗುತ್ತದೆ, ಖುದ್ದಾಗಿ ಬಂದು ಕಾಣುವುದು.

ಗುರುವಾರ ರಾತ್ರಿಯೆಲ್ಲ ಶಿವಗಂಗೆ ಬೆಟ್ಟದ ಮೇಲೆ ಮಳೆ ಹೊಯ್ಯಿತು. ಬೆಳಗ್ಗೆ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲು ತೆಗೆಯುವ ಹೊತ್ತಿಗೆ ಕೆರೆ ಕಾಯುವ ನೀರುಗಂಟಿ ಚಿಕ್ಕವೆಂಕಟಪ್ಪ ಏರಿಯ ಮೇಲಿಂದ ಓಡಿಬಂದ.

"ಕೋಡಿ ಬಿತ್ತು ಮೇಷ್ಟ್ರೇ! ಹನ್ನೊಂದು ವರ್ಸಕ್ಕೆ ಕೋಡಿ ಬಿತ್ತು! ದಾರಿ ಮ್ಯಾಲೆ ಎದೆಮಟ್ಟ ನೀರು. ಇನ್ನು ಮೂರು ದಿನ ಯಾರೂ ಊರು ಬಿಡಂಗಿಲ್ಲ!"

ಊರಿಗೆ ಹಬ್ಬ. ಮೇಷ್ಟ್ರ ಮುಖ ಮಾತ್ರ ನೆನೆದ ಹಪ್ಪಳವಾಯಿತು. ಕಾದು ಕಾದು ಬಂದ ಕಾಗದ. ಇವತ್ತು ತಪ್ಪಿದರೆ ಮತ್ತೆ ಯಾವ ಕಾಲಕ್ಕೋ!

ಅವರ ಬಾಡಿಗೆ ಕೋಣೆಯ ಒಡತಿ ಅಕ್ಕಯಮ್ಮನ ಹಿತ್ತಲಲ್ಲಿ ಬೆಲ್ಲ ಕಾಯಿಸುವ ಕೊಪ್ಪರಿಗೆ ಬೋರಲು ಬಿದ್ದಿತ್ತು. ಐದಡಿ ಅಗಲದ ಕಬ್ಬಿಣದ ಬಾಣಲೆ. ಕೆರೆ ತುಂಬಿದಾಗ ಆಚೆ ದಡಕ್ಕೆ ಹುಲ್ಲು ಸಾಗಿಸಲು ಊರವರು ಅದನ್ನೇ ದೋಣಿ ಮಾಡಿಕೊಳ್ಳುತ್ತಿದ್ದರು. ಆದರೆ ನಿಂತ ನೀರಿನಲ್ಲಿ. ಕೋಡಿ ಹಳ್ಳಕ್ಕೆ ಅದನ್ನು ಇಳಿಸಿದವರು ಇಲ್ಲಿಯವರೆಗೆ ಹುಟ್ಟಿರಲಿಲ್ಲ.

"ಅಕ್ಕಯಮ್ಮ, ಕೊಪ್ಪರಿಗೆ ಬೇಕಾಗಿತ್ತು."

"ಬೆಲ್ಲ ಕಾಯಿಸ್ತೀರಾ?"

"ಕೆಳಗಿನಹಳ್ಳಿಗೆ ಹೋಗ್ಬೇಕು. ಹಳ್ಳದಲ್ಲಿ."

ಅಕ್ಕಯಮ್ಮ ಅವರ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. "ತಗಂಡೋಗಿ. ಆದ್ರೆ ಒಂದು ಮಾತು. ನಮ್ಮನೇಲಿ ಎರವಲು ಕೊಟ್ಟ ಪಾತ್ರೆ ಬರಿದಾಗಿ ವಾಪಸ್ ಬರಂಗಿಲ್ಲ. ಒಂದು ಹಿಡಿ ರಾಗಿನೋ, ಒಂದಚ್ಚು ಬೆಲ್ಲನೋ, ಏನಾರ ಇಟ್ಕಂಡೇ ಬರ್ಬೇಕು."

"ನಾನು ಬದುಕಿ ಬಂದ್ರೆ ಸಾಲ್ದೇನಮ್ಮ?"

"ನೀವು ಬೇರೆ, ಕೊಪ್ಪರಿಗೆ ಬೇರೆ."

ನಾಲ್ಕು ಜನ ಕೊಪ್ಪರಿಗೆಯನ್ನು ಹೊತ್ತು ಕೋಡಿಗೆ ತಂದರು. ಹಿಂದೆ ಊರಿಗೆ ಊರೇ ಬಂತು. ಪಕ್ಕದ ಮನೆಯ ಪಾಪಮ್ಮ, ಮಕ್ಕಳು ಬಾವಿಯಲ್ಲಿ ಈಜು ಕಲಿಯಲು ಕಟ್ಟಿಕೊಳ್ಳುವ ಒಣ ಸೋರೆಬುರುಡೆಗಳನ್ನು ತಂದು ಮೇಷ್ಟ್ರ ಬೆನ್ನಿಗೆ ಬಿಗಿದಳು. ಬೆಲ್ಲ ತಿರುವುವ ಮರದ ಹುಟ್ಟನ್ನು ಚಿಕ್ಕವೆಂಕಟಪ್ಪ ಕೈಗೆ ಕೊಟ್ಟ. ಅರ್ಜಿಯ ನಕಲು ಅಂಗಿಯೊಳಗೆ, ಬಾಳೆಲೆಯಲ್ಲಿ ಸುತ್ತಿಕೊಂಡು ಭದ್ರವಾಗಿತ್ತು.

"ಅತ್ತೆಸೊಸೆ ಬಂಡೆ ತಾವ ಉಸಾರು ಮೇಷ್ಟ್ರೇ! ಅವೆರಡರ ಮಧ್ಯೆ ಸಿಕ್ಕೋನು ಯಾವೋನೂ ಉಳ್ದಿಲ್ಲ!" ಎಂದ ಚಿಕ್ಕವೆಂಕಟಪ್ಪ.

"ಮಾತು ಬಂಡೆದೋ, ನಿಮ್ಮನೆದೋ?" ಎಂದಳು ಪಾಪಮ್ಮ. ಜನ ನಗುತ್ತಿದ್ದಂತೆಯೇ ಕೊಪ್ಪರಿಗೆ ಕೋಡಿಯ ಅಂಚು ದಾಟಿತು.

ಮೊದಲ ಇಳಿತದಲ್ಲಿ ಅದು ಬುಗುರಿಯಂತೆ ಸುತ್ತಿತು. ಮೇಷ್ಟ್ರಿಗೆ ಶಿವಗಂಗೆ ಬೆಟ್ಟ ಒಂದೇ ನಿಮಿಷದಲ್ಲಿ ಏಳು ಸಲ ಕಾಣಿಸಿತು. ಆಗ ಅವರೊಳಗಿನ ವಿಜ್ಞಾನದ ವಿದ್ಯಾರ್ಥಿ ಎಚ್ಚೆತ್ತ. ಸುತ್ತುವ ವಸ್ತುವನ್ನು ನಿಲ್ಲಿಸಬೇಕಾದರೆ ಅಂಚಿನಲ್ಲಿ ತಡೆಯಬೇಕು. ಹುಟ್ಟನ್ನು ಅಂಚಿನಾಚೆ ಚಾಚಿ ನೀರಿಗೆ ಒತ್ತಿದರು. ಕೊಪ್ಪರಿಗೆ ಗದರಿಸಿಕೊಂಡ ಎಮ್ಮೆಯಂತೆ ನೆಟ್ಟಗಾಯಿತು!

ಆಮೇಲೆ ನಕ್ಷೆಯೆಲ್ಲ ಕಣ್ಣೆದುರು ಬಿಚ್ಚಿಕೊಂಡಿತು. ಎಡಕ್ಕೆ ಆನೆಬಂಡೆ, ಅದರ ಬೆನ್ನಹಿಂದೆ ನೀರು ಮೇಲ್ಮುಖವಾಗಿ ಸುತ್ತುತ್ತದೆ, ಅಲ್ಲಿ ನುಗ್ಗಿ ಒಂದು ಗಳಿಗೆ ಉಸಿರೆಳೆದುಕೊಂಡರು. ನೊರೆ ಎದ್ದಲ್ಲಿ ತಳದಲ್ಲಿ ಕಲ್ಲು. ನೀರು ನುಣ್ಣಗೆ ನಾಲಗೆ ಚಾಚಿದಲ್ಲಿ ದಾರಿ. ಒಂದೊಂದು ಇಳಿತವನ್ನೂ ಓದುತ್ತ, ತಿರುಗಿಸುತ್ತ, ಹಾರುತ್ತ ಮೇಷ್ಟ್ರು ಹೋದರು. ಕನ್ನಡಕ ಹೋಯಿತು, ಒಂದು ಚಪ್ಪಲಿ ಹೋಯಿತು. ಹೆದರಿಕೆ ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಅತ್ತೆಸೊಸೆ ಬಂಡೆ ಎದುರಾಯಿತು. ಎರಡರ ನಡುವಿನ ಸಂದು ನಾಲ್ಕೂವರೆ ಅಡಿ, ಅವರೇ ಅಳೆದದ್ದು. ಕೊಪ್ಪರಿಗೆ ಐದಡಿ. ಬಿ.ಎಸ್ಸಿ.ಯಲ್ಲಿ ಇಂಥ ಪ್ರಶ್ನೆಗೆ ಮೂರು ಗಂಟೆ ಸಮಯ ಕೊಡುತ್ತಿದ್ದರು. ಇಲ್ಲಿ ಮೂರು ಸೆಕೆಂಡು. ಮೇಷ್ಟ್ರು ಇಡೀ ಮೈಭಾರವನ್ನು ಬಲಕ್ಕೆ ಎಸೆದರು. ಕೊಪ್ಪರಿಗೆ ಒಂದು ಮಗ್ಗುಲಿಗೆ ವಾಲಿ, ತನ್ನ ಅಗಲವನ್ನು ಮಡಚಿಕೊಂಡಂತೆ, ಅತ್ತೆಗೂ ಸೊಸೆಗೂ ತಾಗದೆ ನುಸುಳಿತು!

"ಗೆದ್ದೆ ಕಣೇ ಭಾಗ್ಯಾ!" ಎಂದು ಮೇಷ್ಟ್ರು ಕೂಗಿದ್ದು ಎರಡೂ ಊರಿಗೆ ಕೇಳಿಸಿತು.

ಕೊನೆಯದು ಆಳೆತ್ತರದ ಧುಮುಕು. ಅದನ್ನೂ ಹಾರಿ, ಕೊಪ್ಪರಿಗೆ ಕೆಳಗಿನಹಳ್ಳಿ ಶಾಲೆಯ ಎದುರಿನ ಹುಲ್ಲುದಡಕ್ಕೆ ಬಂದು ಢಣ್ಣೆಂದಿತು. ಮಕ್ಕಳು ತರಗತಿ ಬಿಟ್ಟು ಓಡಿಬಂದರು. ಕೆಳಗಿನಹಳ್ಳಿಯವರು ಮೇಷ್ಟ್ರನ್ನು ಹೆಗಲ ಮೇಲೆ ಹೊತ್ತು, ಸೋರೆಬುರುಡೆಗಳ ಸಮೇತ ಇನ್‌ಸ್ಪೆಕ್ಟರ ಮೇಜಿನ ಮುಂದೆ ಇಳಿಸಿದರು. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷ.

"ಹಾಜರಾಗಿದ್ದೇನೆ ಸಾರ್!"

ವೆಂಕಟರಾಯಪ್ಪನವರ ಬೆರಳಲ್ಲಿ ಟೋಪಿ ತೆಗೆದ ಪೆನ್ನಿತ್ತು. ಎದುರಿಗೆ ಆ ನಾಲ್ಕು ಪುಟದ ಅರ್ಜಿ.

"ಎಲ್ಲಿಂದ ಬಂದ್ರಿ?"

"ಮೇಲಿನಹಳ್ಳಿಯಿಂದ ಸಾರ್. ಹಳ್ಳದಲ್ಲೇ."

"ಕೋಡಿ ಬಿದ್ದಿದೆಯಲ್ರೀ?"

"ಬಿದ್ದಿದೆ ಸಾರ್! ಭರ್ಜರಿಯಾಗಿ ಬಿದ್ದಿದೆ!"

ಇನ್‌ಸ್ಪೆಕ್ಟರು ಎದ್ದು ನಿಂತು ಅವರ ಕೈ ಕುಲುಕಿದರು. "ಭೇಷ್! ಇಪ್ಪತ್ತು ವರ್ಷದ ನೌಕರೀಲಿ ಇಂಥ ಮೇಷ್ಟ್ರನ್ನ ನೋಡಿಲ್ಲ." ಆಮೇಲೆ ಕೂತು, ಪೆನ್ನಿಗೆ ಟೋಪಿ ಹಾಕಿ, ನಿಟ್ಟುಸಿರು ಬಿಟ್ಟರು. "ಬೆಳಗ್ಗೆಯಿಂದ ಆ ನೀರು ನೋಡ್ತಾ ಕೂತಿದ್ದೆ. ನೀವು ಬರೆದಿದ್ದು ಅಕ್ಷರಶಃ ನಿಜ ಅನ್ನಿಸ್ತು. ಹನ್ನೆರಡಕ್ಕೂ ನೀವು ಬರದೇ ಇದ್ರೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ, ಹೊಸಕೋಟೆಗೆ ಸಹಿ ಹಾಕಿಬಿಡೋಣ ಅಂತಿದ್ದೆ."

ಮೇಷ್ಟ್ರ ಬೆನ್ನಿನಿಂದ ಒಂದು ಸೋರೆಬುರುಡೆ ಕಳಚಿ ನೆಲಕ್ಕೆ ಬಿತ್ತು.

ಇನ್‌ಸ್ಪೆಕ್ಟರು ಕೆಂಪು ಅಡಿಗೆರೆಯ ಮೇಲೆ ಬೆರಳಿಟ್ಟರು. "ಯಾವ ಮನುಷ್ಯನೂ ಹೊರಗೆ ಬರೋದು ಅಸಾಧ್ಯ ಅಂತ ಬರೆದಿದ್ದೀರಿ. ನೀವೇ ಸೈನ್ಸ್ ಓದಿದೋರು. ಪ್ರಯೋಗದಲ್ಲಿ ಸುಳ್ಳಾಗಿದ್ದನ್ನ ನಿಜ ಅಂತ ನಾನು ಹೇಗ್ರೀ ಬರೀಲಿ?"

ಮೂರನೆಯ ದಿನ ನೀರು ಇಳಿಯಿತು. ಎತ್ತಿನ ಗಾಡಿಯ ಮೇಲೆ ಕೊಪ್ಪರಿಗೆ, ಜಾಗ ಸಾಲದೆ ಕೊಪ್ಪರಿಗೆಯೊಳಗೆ ಮೇಷ್ಟ್ರು. ಮೇಲಿನಹಳ್ಳಿಯವರು ಏರಿಯ ಮೇಲೆಯೇ ತಮಟೆ ಹಿಡಿದು ಕಾದಿದ್ದರು. ಚಿಕ್ಕವೆಂಕಟಪ್ಪ ಹಾರ ಹಾಕಿದ. ಯಾರೋ ಶಿಳ್ಳೆ ಹೊಡೆದರು. ಮೇಷ್ಟ್ರಿಗೆ ಅಷ್ಟು ದುಃಖದಲ್ಲೂ ಎದೆ ಒಂದಂಗುಲ ಉಬ್ಬಿತು.

ಅಕ್ಕಯಮ್ಮ ಜನರನ್ನು ಸರಿಸಿಕೊಂಡು ಬಂದು ಗಾಡಿಯೊಳಗೆ ಇಣುಕಿದಳು. ಮೇಷ್ಟ್ರಿಗೆ ಆಗ ನೆನಪಾಯಿತು. ಜೇಬು ತಡಕಿದರು. ರಾಗಿ ಇರಲಿಲ್ಲ, ಬೆಲ್ಲ ಇರಲಿಲ್ಲ.

"ಮರ್ತೇಬಿಟ್ಟೆ ಅಕ್ಕಯಮ್ಮ. ಪಾತ್ರೆ ಬರಿದಾಗಿ ಬಂತು."

"ಬರಿದೆಲ್ಲಿ ಬಂತು?" ಎಂದಳು ಅಕ್ಕಯಮ್ಮ, ಮುಖ ಅರಳಿಸಿಕೊಂಡು. "ನಮ್ ಮೇಷ್ಟ್ರನ್ನೇ ತುಂಬ್ಕಂಡು ಬಂದೈತಲ್ಲ!"