ಇಟಲಿಯ ಜಾಡಿಗೆ ಅರಿಶಿನ ಕುಂಕುಮ

ನಿಮ್ಮ ಮನೆಯ ಜಾಡಿಗೆ ನೀವು ಯಾವತ್ತಾದರೂ ಆರತಿ ಎತ್ತಿದ್ದೀರಾ? ಇಲ್ಲ ತಾನೆ? ನಾನು ಎತ್ತಿದ್ದೇನೆ. ಉಪ್ಪಿನಕಾಯಿ ಜಾಡಿ ಎಂದುಕೊಂಡಿರಾ? ಐನೂರು ವರ್ಷಗಳ ಹಿಂದೆ ಇಟಲಿಯ ಯಾವುದೋ ಔಷಧದ ಅಂಗಡಿಯಲ್ಲಿ ಸಾಲಾಗಿ ಕೂತಿದ್ದ ಜಾಡಿ ಅದು. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಇದನ್ನೆಲ್ಲ ನಾನು ಫೋನಿನ ಮೇಲೆ ಬಲಗೈಯ ತೋರುಬೆರಳೊಂದರಿಂದಲೇ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಅರ್ಧ ತೆಂಗಿನಕಾಯಿ ತುರಿದು ಮುಗಿಸಬಹುದು. ನಡುವೆ ನೀವು ನಗುತ್ತ ಕೂತರೆ ನನಗೆ ಓಘ ತಪ್ಪುತ್ತದೆ.

ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗೋಣವೆಂದು ಮೈಸೂರಿನಿಂದ ಮಲೇಷ್ಯಾದ ಪೆನಾಂಗಿಗೆ ಬಂದವಳು ನಾನು. ಬಂದೆ, ಕೊರೋನಾ ಬಂತು, ವಿಮಾನಗಳು ನಿಂತವು. ಮಗಳು ಚೇತನಾ ಬಯಾನ್ ಲೆಪಾಸಿನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರು. ಅಳಿಯ ಕೆಲಸದ ಮೇಲೆ ಸಿಂಗಪುರಕ್ಕೆ ಹೋಗಿದ್ದವನು ಗಡಿ ಮುಚ್ಚಿ ಅಲ್ಲೇ ಉಳಿದ. ಮನೆಯಲ್ಲಿ ನಾನು, ಮಗಳು, ಹನ್ನೆರಡು ತುಂಬಿದ ಮೊಮ್ಮಗಳು ನಿಧಿ, ಮತ್ತು ನಡುಮನೆಯ ಗಾಜಿನ ಕಪಾಟಿನಲ್ಲಿ ಐದು ಜಾಡಿಗಳು. ಮಗಳ ಲೆಕ್ಕದಲ್ಲಿ ಆ ಐವರೂ ಮನೆ ಮಂದಿಯೇ. ನನಗಿಂತ ಹಿರಿಯರು ಬೇರೆ.

ಜನ ಒಡವೆ ಕೂಡಿಸುತ್ತಾರೆ, ಸೀರೆ ಕೂಡಿಸುತ್ತಾರೆ. ನನ್ನ ಮಗಳು ಒಡೆದು ಅಂಟಿಸಿದ ಮಡಕೆ ಕೂಡಿಸುತ್ತಾಳಲ್ಲ ಎಂದು ಮೊದಮೊದಲು ನನಗೆ ಒಳಗೊಳಗೇ ಸಂಕಟ. ಲಾಕ್‌ಡೌನಿನ ಸಂಜೆಗಳಲ್ಲಿ ಬೇರೆ ಮಾತು ಮುಗಿದುಹೋದ ಮೇಲೆ ಅವಳೇ ಒಂದೊಂದನ್ನು ತೆಗೆದು, ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸತೊಡಗಿದಳು. ಜೇಡಿಮಣ್ಣಿನ ಜಾಡಿ ಮಾಡಿ, ಒಮ್ಮೆ ಸುಟ್ಟು, ತವರದ ಬೂದಿ ಬೆರೆಸಿದ ಬಿಳಿಯ ಲೇಪದಲ್ಲಿ ಅದ್ದುತ್ತಾರಂತೆ. ಲೇಪ ಒಣಗಿ ಹಿಟ್ಟಿನ ಹಾಗೆ ಆದಾಗ ಅದರ ಮೇಲೆ ಚಿತ್ರ ಬರೆಯಬೇಕು. ಬಣ್ಣ ತಾಗಿದ್ದೇ ತಡ, ಹೀರಿಕೊಂಡುಬಿಡುತ್ತದೆ. ಅಳಿಸುವ ಹಾಗಿಲ್ಲ, ತಿದ್ದುವ ಹಾಗಿಲ್ಲ. ಕೈ ನಡುಗಿದರೆ ನಡುಗಿದ್ದೇ ಚಿತ್ರ. ಮತ್ತೆ ಬೆಂಕಿಗೆ ಹಾಕಿದರೆ ಆ ಗೆರೆ ಶಾಶ್ವತ. ನಾನು ಇಷ್ಟು ಹೊತ್ತೂ ಅಳಿಸಿ ಅಳಿಸಿ ಟೈಪ್ ಮಾಡುತ್ತಿದ್ದೇನೆ ನೋಡಿ, ಆ ಪುಣ್ಯಾತ್ಮರ ನೆನಪಾದರೆ ಬೆರಳು ನಾಚಿಕೊಳ್ಳುತ್ತದೆ.

"ಇದರ ಸೊಂಟ ಯಾಕೆ ಹೀಗೆ ಒಳಗೆ ಹೋಗಿದೆ ಹೇಳು ನೋಡೋಣ?" ಎಂದು ಕೇಳಿದಳು ಒಂದು ದಿನ.

"ಬರಗಾಲದಲ್ಲಿ ಮಾಡಿದ್ದೇನೋ."

"ಅಮ್ಮಾ! ಸಾಲಾಗಿ ಒತ್ತೊತ್ತಿಗೆ ಇಟ್ಟಾಗ್ಲೂ ಬೆರಳು ತೂರಿಸಿ ಒಂದನ್ನ ಎಳೀಬೋದು, ಅದಕ್ಕೆ. ಬಾಯಿಗೆ ಮುಚ್ಚಳ ಇಲ್ಲ ನೋಡು. ಚರ್ಮ ಮುಚ್ಚಿ ಈ ಕಂಠಕ್ಕೆ ದಾರ ಕಟ್ತಿದ್ರು."

ಕಂಠಕ್ಕೆ ದಾರ! ನಮ್ಮಮ್ಮ ಉಪ್ಪಿನಕಾಯಿ ಭರಣಿಯ ಬಾಯಿಗೆ ಬಿಳಿ ಬಟ್ಟೆ ಮುಚ್ಚಿ ಹೀಗೇ ತಾನೆ ಬಿಗಿಯುತ್ತಿದ್ದದ್ದು? ಜಾಡಿಯ ಹೊಟ್ಟೆಯ ಮೇಲೆ ಒಂದು ಪಟ್ಟಿ, ಅದರಲ್ಲಿ ಓದಲಾಗದ ಅಕ್ಷರ. ಏನು ಬರೆದಿದೆ ಎಂದರೆ ಶುಂಠಿಯ ಲೇಹವಂತೆ. ಊರಿಗೆ ಪ್ಲೇಗು ಬಂದಾಗ ಅಲ್ಲಿಯ ಯಾವ ಅಜ್ಜಿ ಈ ಜಾಡಿಯ ಮುಂದೆ ನಿಂತು ಮೊಮ್ಮಗಳಿಗೆ ಶುಂಠಿ ಕಟ್ಟಿಸಿಕೊಂಡಳೋ. ಇಲ್ಲಿ ನಾನು ದಿನಕ್ಕೆ ಎರಡು ಸಲ ಶುಂಠಿ ಕಷಾಯ ಕುದಿಸಿ ಮನೆಯವರ ಮೂಗು ಹಿಡಿದು ಕುಡಿಸುತ್ತಿದ್ದೆ. ಅವತ್ತಿನಿಂದ ಆ ಕಪಾಟಿನ ಮುಂದೆ ಹಾದುಹೋಗುವಾಗ ನನ್ನ ನಡಿಗೆ ತಾನಾಗಿ ನಿಧಾನವಾಗತೊಡಗಿತು.

ಹೀಗಿರುವಾಗ ನವರಾತ್ರಿಗೆ ಮುಂಚೆ ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿದಾಗ ಚೇತನಾಗೆ ಪಾಸಿಟಿವ್ ಬಂತು. ಜ್ವರ ಹೆಚ್ಚಿರಲಿಲ್ಲ, ಆದರೂ ಕ್ವಾರಂಟೈನ್ ಕೇಂದ್ರಕ್ಕೆ ಹೋಗಲೇಬೇಕು. ನನಗೂ ನಿಧಿಗೂ ನೆಗೆಟಿವ್. ನಮ್ಮ ಮಣಿಕಟ್ಟಿಗೆ ಗುಲಾಬಿ ಪಟ್ಟಿ ಕಟ್ಟಿ, ಬಾಗಿಲಾಚೆ ಹೆಜ್ಜೆ ಇಡಬೇಡಿ ಎಂದರು. ಬಳೆಗಳ ಪಕ್ಕದಲ್ಲಿ ಆ ಪಟ್ಟಿಯೂ ಒಂದು ಆಭರಣವಾಯಿತು. ಕೆಳಗೆ ವ್ಯಾನು ಕಾಯುತ್ತಿತ್ತು. ಮಗಳು ಎರಡು ಮಾಸ್ಕಿನ ಹಿಂದಿನಿಂದ, ದೂರದಲ್ಲೇ ನಿಂತು ಹೇಳಿದಳು:

"ಬಿಪಿ ಮಾತ್ರೆ ಮರೀಬೇಡ. ನಿಧಿ ಕ್ಲಾಸಲ್ಲಿ ಕ್ಯಾಮೆರಾ ಆಫ್ ಮಾಡಿ ಮಲಗ್ತಾಳೆ, ನೋಡ್ಕೋ. ಆಮೇಲೆ, ಪ್ಲೀಸ್, ಜಾಡಿ ಮುಟ್ಟಬೇಡ."

"ಹೋಗೋ ಹೊತ್ತಲ್ಲೂ ಜಾಡೀನೇನೇ ನಿಂಗೆ?"

"ನಿನ್ನ ಕೈ ನಂಗೆ ಗೊತ್ತಮ್ಮ. ಸುಮ್ನಿರೋ ಕೈ ಅಲ್ಲ ಅದು."

ಕಪಾಟಿಗೆ ಬೀಗವಿಲ್ಲ. ಮಗಳ ಮಾತೇ ಬೀಗ. ಆ ಬೀಗವನ್ನು ನಾನು ಒಂದು ವಾರವೂ ಉಳಿಸಲಿಲ್ಲ.

ಮೈಸೂರಿನವಳಾಗಿ ನಲವತ್ತು ಚಿಲ್ಲರೆ ನವರಾತ್ರಿಗಳಲ್ಲಿ ಗೊಂಬೆ ಕೂರಿಸದ ವರ್ಷವಿಲ್ಲ. ಮಗಳು ಎಲ್ಲೋ ಸಾಲುಮಂಚದ ಹಾಲ್‌ನಲ್ಲಿ ಕೆಮ್ಮುತ್ತ ಮಲಗಿರುವಾಗ ಈ ವರ್ಷವೇ ಬಿಡುವುದುಂಟೇ? ರಟ್ಟಿನ ಪೆಟ್ಟಿಗೆಗಳನ್ನು ಮೆಟ್ಟಿಲು ಮಾಡಿ, ನನ್ನ ಕೆಂಪು ರೇಷ್ಮೆ ಸೀರೆ ಹೊದಿಸಿದೆವು. ನಿಧಿಯ ಡೈನೋಸಾರುಗಳು, ಚದುರಂಗದ ಕುದುರೆಗಳು, ಫ್ರಿಜ್ಜಿನ ಮೇಲಿನ ಅಯಸ್ಕಾಂತದ ಹಣ್ಣುಗಳು ಎಲ್ಲ ಬಂದು ಕೂತವು. ಆದರೆ ಪಟ್ಟದ ಗೊಂಬೆ? ರಾಜ ರಾಣಿ ಇಲ್ಲದ ಗೊಂಬೆ ಹಬ್ಬವೆಂದರೆ ವಧೂವರರಿಲ್ಲದ ಮದುವೆಮನೆ. ನಮ್ಮ ಮರದ ರಾಜ ರಾಣಿ ಮೈಸೂರಿನ ಟ್ರಂಕಿನಲ್ಲಿ ಹಳೇ ಪಂಚೆ ಸುತ್ತಿಕೊಂಡು ಮಲಗಿದ್ದರು. ನಾನು ಸೊಂಟದ ಮೇಲೆ ಕೈಯಿಟ್ಟು ಅತ್ತಿತ್ತ ನೋಡಿದೆ. ಗಾಜಿನ ಕಪಾಟಿನೊಳಗಿಂದ ಇಬ್ಬರು ನನ್ನನ್ನೇ ಕಾಯುತ್ತಿದ್ದರು.

ಒಂದು ಜಾಡಿಯ ಮೇಲೆ ಮುಂಡಾಸು ಸುತ್ತಿದ, ಗಡ್ಡದ ಗಂಡಸು. ಮದುವೆಮನೆಯಲ್ಲಿ ಎಲೆ ಹಾಕುವುದು ತಡವಾದಾಗ ನಮ್ಮ ಸೋದರಮಾವನ ಮುಖ ಹೀಗೇ ಇರುತ್ತಿತ್ತು. ಇನ್ನೊಂದರ ಮೇಲೆ ನೀಲಿ ಟೋಪಿ, ಭುಜಕ್ಕೆ ಇಳಿದ ಹೊಂಬಣ್ಣದ ಕೂದಲು, ನುಣುಪು ಕೆನ್ನೆ, ಮುಗುಳುನಗೆಯನ್ನು ತಡೆದುಕೊಂಡಂಥ ತುಟಿ. ರಾಣಿಯೆಂದರೆ ಇವಳೇ. ಇವರಿಬ್ಬರ ನಡುವೆ ನೂರು ವರ್ಷದ ಅಂತರವಿದೆ, ಊರೂ ಬೇರೆ ಎಂದು ಮಗಳು ಹೇಳಿದ್ದಳು. ಇರಲಿ, ಎಂಥೆಂಥ ಜಾತಕಗಳೋ ಕೂಡುತ್ತವೆ.

"ಅಜ್ಜಿ, ಅಮ್ಮ ವಿಲ್ ಕಿಲ್ ಯು ಲಾ," ಎಂದಳು ನಿಧಿ, ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ.

"ಕೊಲ್ಲೋಕೆ ಮೊದ್ಲು ಅವಳು ಮನೆಗೆ ಬರ್ಲಿ. ಆಮೇಲೆ ನೋಡೋಣ."

ನಿಧಿ ಮಲ್ಲಿಗೆಯ ಚೀಲ ಬಿಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ, "ಬಟ್ ಅಜ್ಜಿ, ದಟ್ ಒನ್, ಐ ಥಿಂಕ್..." ಎಂದು ನೀಲಿ ಟೋಪಿಯ ಕಡೆ ಬೆರಳು ಮಾಡಿದಳು.

"ಸುಮ್ನೆ ಹೂವು ಕೊಡೇ," ಎಂದೆ.

ಹೂವು ಪಕ್ಕದ ಮನೆಯ ಲೆಚ್ಚುಮಿಯದು. ತಮಿಳು ಹೆಂಗಸು, ದಿನಾ ಬಾಗಿಲಿನ ಹಿಡಿಗೆ ಇಡ್ಲಿಯನ್ನೋ ಮಲ್ಲಿಗೆಯನ್ನೋ ಇಲ್ಲಿಯವರು ತಪಾವು ಎನ್ನುವ ಪಾರ್ಸೆಲ್ ಚೀಲದಲ್ಲಿ ಕಟ್ಟಿ, ಗಂಟೆ ಒತ್ತಿ ಓಡಿಹೋಗುತ್ತಿದ್ದಳು. ರಾಜ ರಾಣಿಗೆ ಮಲ್ಲಿಗೆ ಮುಡಿಸಿ, ಅರಿಶಿನ ಕುಂಕುಮ ಹಚ್ಚಿದೆ. ರಾಣಿಯ ಹಣೆಯಲ್ಲಿ ಲೇಪ ಚೂರು ಎದ್ದುಹೋಗಿ ಒಳಗಿನ ಮಣ್ಣು ಕಾಣುತ್ತಿತ್ತು. ಹೊಳಪಿನ ಮೇಲೆ ಜಾರುವ ಅರಿಶಿನ ಅಲ್ಲಿ ಮಾತ್ರ ಅಚ್ಚುಕಟ್ಟಾಗಿ ಕೂರುತ್ತಿತ್ತು. ಹಾಗಾಗಿ ದಿನಾ ಅಲ್ಲೇ, ನೀರಲ್ಲಿ ಕಲಸಿ, ಒತ್ತಿ ಒತ್ತಿ ಇಟ್ಟೆ. ಫೋಟೋ ತೆಗೆದು ಮೈಸೂರಿನ ತಂಗಿಗೆ, "ಯಾರಿಗೂ ಹೇಳಬೇಡ, ಚೇತನಾಗಂತೂ ಬೇಡ" ಎಂದು ಬರೆದು ಕಳಿಸಿದೆ. ಸಂಜೆಯೊಳಗೆ ಹುಬ್ಬಳ್ಳಿಯ ಅತ್ತಿಗೆ ಕೂಡ ಫೋನು ಮಾಡಿ, "ಭಾಳ ಚಂದ ಕುಂದ್ರಿಸೀರಿ ನೋಡ್ರಿ" ಎಂದು ಹೊಗಳಿದಳು. ನನ್ನ ತಂಗಿಯ ಬಾಯಿ ಎಷ್ಟು ದೊಡ್ಡದು ಎಂದುಕೊಂಡೆ.

ಮಗಳು ದಿನಾ ಫೋನಿನಲ್ಲಿ ಮಾತಾಡುತ್ತಿದ್ದಳು. ಒಂದೆರಡು ದಿನ ಮಾತಿಗಿಂತ ಕೆಮ್ಮೇ ಹೆಚ್ಚು. ಅಂಥ ಒಂದು ಸಂಜೆ ಆರತಿ ಎತ್ತುವಾಗ ದೀಪದ ಬೆಳಕು ಆ ಬಿಳಿ ಲೇಪದ ಮೇಲೆ ಹರಿದಾಡಿ, ನೀಲಿ ಟೋಪಿಯ ಮುಖ ಒಮ್ಮೆ ಉಸಿರಾಡಿದ ಹಾಗೆ ಕಂಡಿತು. ಎಷ್ಟು ರೋಗ ನೋಡಿದೀಯೋ ತಾಯಿ ನೀನು, ಎಷ್ಟು ಜನಕ್ಕೆ ಔಷಧಿ ಕೊಟ್ಟಿದೀಯೋ, ನನ್ನ ಮಗಳಿಗೂ ಒಂದು ಚೂರು ಕೊಡು ಎಂದು ಕೇಳಿಕೊಂಡೆ. ತಮಾಷೆ ಮಾಡುತ್ತಿಲ್ಲ. ನಿಧಿಯೂ ಪಕ್ಕದಲ್ಲಿ ಕೈ ಮುಗಿದು ನಿಂತಿದ್ದಳು.

ಮಗಳ ಕೆಮ್ಮು ಇಳಿಯಿತು. ವಿಜಯದಶಮಿಯ ದಿನವೇ "ಎರಡು ದಿನದಲ್ಲಿ ಮನೆಗೆ" ಎಂದು ಸುದ್ದಿ ಬಂತು. ಹಬ್ಬ ಮುಗಿದಾಗ ಪಟ್ಟದ ಗೊಂಬೆಯನ್ನು ಮಲಗಿಸುವುದು ನಮ್ಮ ಪದ್ಧತಿ. ರಾಣಿಯನ್ನು ಎತ್ತಿ ದಿಂಬಿನ ಮೇಲೆ ಮಲಗಿಸಹೋದೆ. ಜಾಡಿಯ ಪಾದ ಆಗ ಕಂಡಿತು. ಅಲ್ಲಿ ಲೇಪವಿಲ್ಲದ ಮೂರು ಬೊಟ್ಟು ಗುರುತು. ಲೇಪಕ್ಕೆ ಅದ್ದುವಾಗ ಕುಂಬಾರ ಹಿಡಿದಿದ್ದ ಜಾಗ. ನನ್ನ ಬೆರಳುಗಳನ್ನು ಅದರಲ್ಲಿಟ್ಟೆ. ಕೂತವು. ಐನೂರು ವರ್ಷದ ಹಿಂದೆ ಒಬ್ಬ ಹೀಗೆ ಹಿಡಿದ, ಈಗ ನಾನು ಹಿಡಿದಿದ್ದೇನೆ. ಮೈಯೆಲ್ಲ ಜುಂ ಎಂದಿತು. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಆಮೇಲೆ ಹಣೆ ಒರೆಸಿದೆ. ಕುಂಕುಮ ಬಂತು. ಅರಿಶಿನ ಬರಲಿಲ್ಲ.

ಮತ್ತೆ ಒರೆಸಿದೆ. ಇಲ್ಲ. ಹತ್ತಿಯನ್ನು ಸೋಪಿನ ನೀರಲ್ಲಿ ಅದ್ದಿ ಒತ್ತಿದೆ. ಹಳದಿ ಹೋಗಿ ಕೆಂಪಾಯಿತು! ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆಂದು ಸೀರೆ ಒಗೆಯುವ ಯಾವ ಹೆಂಗಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ಐನೂರು ವರ್ಷದ ಹಣೆಯಿಂದ ರಕ್ತ ಬಂದ ಹಾಗೆ ಕಂಡು ನನ್ನ ಬಿಪಿ ಮಾತ್ರೆಗೆ ಕೆಲಸ ಬಂತು. ಬರೀ ನೀರಲ್ಲಿ ಒತ್ತಿದ ಮೇಲೆ ಮತ್ತೆ ಹಳದಿಗೆ ತಿರುಗಿತು. ಎಷ್ಟು ಬೆಂಕಿ, ಎಷ್ಟು ರೋಗ, ಎಷ್ಟು ಹಡಗು ದಾಟಿ ಬಂದ ಮುಖವನ್ನು ಒಂದು ಚಿಟಿಕೆ ಅರಿಶಿನದಲ್ಲಿ ಕೆಡಿಸಿದವಳು ನಾನು. ಕಾಯಿಲೆಯಿಂದ ಎದ್ದು ಬರುವ ಮಗಳಿಗೆ ಇದನ್ನು ತೋರಿಸಲೇ?

ಅರಿಶಿನದ ಕಲೆಗೆ ಬಿಸಿಲೇ ಮದ್ದು. ಮಗಳು ಬಂದಳು, ಕೆನ್ನೆ ಇಳಿದಿತ್ತು. ಬಾಗಿಲಲ್ಲೇ ಆರತಿ ಎತ್ತಿ ಒಳಗೆ ಕರೆದುಕೊಂಡೆ. ಇನ್ನೂ ಕೆಲವು ದಿನ ತನ್ನ ಕೋಣೆಯಲ್ಲೇ ಇರುತ್ತೇನೆಂದು ಬಾಗಿಲು ಹಾಕಿಕೊಂಡಳು. ಹೆತ್ತ ತಾಯಿ ಮಗಳ ಬಾಗಿಲು ಮುಚ್ಚಿದ್ದಕ್ಕೆ ಖುಷಿಪಟ್ಟದ್ದು ಅದೇ ಮೊದಲು. ದಿನಾ ಎಳೆ ಬಿಸಿಲಿಗೆ ರಾಣಿಯನ್ನು ಬಟ್ಟೆಬುಟ್ಟಿಯಲ್ಲಿ ಕೂರಿಸಿ, ಸುತ್ತ ಟವೆಲ್ ತುರುಕಿ, ಅಡುಗೆಮನೆಯಾಚೆಯ ಬಾಲ್ಕನಿಯಲ್ಲಿಟ್ಟುಕೊಂಡು ಕೋಲು ಹಿಡಿದು ಕೂತೆ. ಇಲ್ಲಿಯ ಮೈನಾಗಳಿಗೆ ನಾಚಿಕೆಯಿಲ್ಲ.

"ಅಮ್ಮಾ, ಎನ್ನ ಅದು? ವಡಾಮಾ?" ಪಕ್ಕದ ಬಾಲ್ಕನಿಯಿಂದ ಲೆಚ್ಚುಮಿ ಕೂಗಿದಳು.

"ಹೌದು ಹೌದು. ಸಂಡಿಗೆ."

ಅವಳು ಕತ್ತು ಚಾಚಿದಳು. "ಅಯ್ಯೋ, ಉಂಗ ಸಂಡಿಗೆಕ್ಕು ತಲೆ ಇರುಕ್ಕೇ!"

"ಮೆತ್ತಗೆ ಮಾತಾಡೇ, ಮಗಳು ಒಳಗಿದ್ದಾಳೆ!"

ಅವಳಿಗೆ ಕನ್ನಡ ಬಾರದು, ಆದರೆ ತಾಯಂದಿರ ಕಳ್ಳತನ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ. ಆಮೇಲಿಂದ ಗುಡ್ಡದ ಮೇಲೆ ಮೋಡ ಕಂಡಾಗಲೆಲ್ಲ ಅವಳೇ "ಮಳೈ, ಮಳೈ" ಎಂದು ಎಚ್ಚರಿಸತೊಡಗಿದಳು, ನಾನು ಬುಟ್ಟಿ ಅಪ್ಪಿಕೊಂಡು ಒಳಗೆ ಓಡುತ್ತಿದ್ದೆ. ಕಲೆ ದಿನದಿಂದ ದಿನಕ್ಕೆ ತೆಳುವಾಯಿತು. ಒಂದು ಬೆಳಿಗ್ಗೆ ಕನ್ನಡಕ ಒರೆಸಿ ನೋಡಿದೆ, ಎಲ್ಲಿತ್ತೆಂದೇ ತಿಳಿಯಲಿಲ್ಲ. ಗೆದ್ದೆ ಎಂದು ರಾಣಿಯನ್ನು ಕಪಾಟಿಗೆ ಸೇರಿಸಿ, ಬಾಗಿಲು ಹಾಕಿ, ತಿರುಗಿದರೆ ಹಿಂದೆ ಚೇತನಾ ನಿಂತಿದ್ದಾಳೆ. ಕೈಯಲ್ಲಿ ಭೂತಗನ್ನಡಿ.

ಜಾಡಿ ತೆಗೆದು ಕಿಟಕಿಯ ಹತ್ತಿರ ಒಯ್ದು, ಹಣೆಯನ್ನು ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತು ಡಾಕ್ಟರೂ ನನ್ನನ್ನು ನೋಡಿಲ್ಲ.

"ಧೂಳು ಒರೆಸ್ತಿದ್ದೆ," ಎಂದೆ.

"ಅಮ್ಮಾ, ನೀನು ಚಿಕ್ಕಮ್ಮಂಗೆ ಅಂತ ಫೋಟೋ ಹಾಕಿದ್ದು ಫ್ಯಾಮಿಲಿ ಗ್ರೂಪಿಗೆ. 'ಚೇತನಾಗಂತೂ ಬೇಡ' ಅನ್ನೋದನ್ನ ಮೊದ್ಲು ಓದಿದ್ದೇ ನಾನು."

ತಂಗಿಯ ಬಾಯಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. "ಮತ್ತೆ ಅವತ್ತೇ ಯಾಕೆ ಬೈಲಿಲ್ಲ?"

"ಬೈಯೋಣ ಅಂತ್ಲೇ ಫೋನ್ ಎತ್ತಿದೆ. ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಫೋಟೋ ಮತ್ತೊಂದ್ಸಲ ನೋಡ್ದೆ. ಇವರನ್ನ ಯಾರೂ ಹಾಗೆ ನೋಡ್ಕೊಂಡಿರಲ್ಲ ಅನ್ನಿಸ್ತು. ದಿನಾ ತೆಗ್ದು ನೋಡ್ತಿದ್ದೆ." ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡು, ಇನ್ನು ಭಯವಿಲ್ಲವೆಂದು ಧೈರ್ಯವಾಗಿ, "ನೋಡು, ನನ್ನ ರಾಣಿ ಹಣೇಲಿ ಒಂದು ಚೂರು ಕಲೆ ಇದ್ಯಾ? ಬಿಸಿಲಲ್ಲಿಟ್ಟು ಹೇಗೆ ತೆಗ್ದೆ!" ಎಂದು ಜಂಬ ಕೊಚ್ಚಿದೆ.

ಸೋಫಾದ ಮೇಲಿದ್ದ ನಿಧಿ ದಿಂಬಿನಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದಳು. ಚೇತನಾ ಜಾಡಿಯನ್ನು ನನ್ನ ಮುಖದ ಹತ್ತಿರ ತಂದು ಹಿಡಿದಳು.

"ಇವನು ಗಂಡು ಹುಡುಗ ಕಣಮ್ಮ. ಆ ಕಾಲದ ಗಂಡುಮಕ್ಕಳು ಹೀಗೇ ಕೂದಲು ಬಿಡ್ತಿದ್ರು. ಹೂ ಮುಡಿಸಿ, ಅರಿಶಿನ ಕುಂಕುಮ ಇಟ್ಟು, ಆ ಗಡ್ಡದವನ ಪಕ್ಕ ಒಂಬತ್ತು ದಿನ ಕೂರಿಸಿದೀಯ. ಅರಿಶಿನದ ಕಲೆ ಹೋಯ್ತು, ಸರಿ. ಈ ಹುಡುಗನ ಮರ್ಯಾದೆ ಹೋಯ್ತಲ್ಲ, ಅದನ್ನ ಯಾವ ಬಿಸಿಲಲ್ಲಿ ಇಡ್ತೀಯ?"